ಒಂದೇ ಮಟ್ಟು, ಎರಡು ನುಡಿ: ಹರಿಶ್ಚಂದ್ರನ ಹಾಡುಗಳ ಕಥೆ

ರೇಡಿಯೋ ಕೇಳುವ ಮನೆಗಳಲ್ಲಿ ಒಂದು ಅನುಭವ ಎಲ್ಲರಿಗೂ ಉಂಟು. ನಿಲಯ ಬದಲಾಯಿಸುತ್ತಿರುವಾಗ ಎಲ್ಲಿಂದಲೋ ಒಂದು ಹಾಡು ತೇಲಿ ಬರುತ್ತದೆ. ಮಟ್ಟು ನಮಗೆ ಗೊತ್ತು. ಹಾಡುವ ಕಂಠವೂ ಗೊತ್ತು. ಮಾತು ಮಾತ್ರ ನಮ್ಮದಲ್ಲ. ‘ಅರೆ, ಇದು ನಮ್ಮ ಹಾಡಲ್ಲವೆ?’ ಎಂದು ಒಬ್ಬರು, ‘ಇಲ್ಲ, ಅವರದನ್ನೇ ನಾವು ತಂದುಕೊಂಡದ್ದು’ ಎಂದು ಇನ್ನೊಬ್ಬರು. ಇಬ್ಬರೂ ಬಿಟ್ಟುಕೊಡುವುದಿಲ್ಲ. ಅಷ್ಟರಲ್ಲಿ ಹಾಡು ಮುಗಿದುಹೋಗಿರುತ್ತದೆ.

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯವರಿಗೆ ಇಂತಹ ಚರ್ಚೆ ಹೊಸದಲ್ಲ. ಆ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಬಾವಿಯ ನೀರು ಕುಡಿದು ಬೆಳೆದಿವೆ. ಮನೆಯೊಳಗೆ ಅಜ್ಜಿಯೊಡನೆ ತೆಲುಗು, ಅಂಗಡಿಯಲ್ಲಿ ಕನ್ನಡ, ಮಗ್ಗದ ಮನೆಯಲ್ಲಿ ಎರಡೂ ಬೆರೆತ ಮಾತು. ಇದು ಅಲ್ಲಿ ಎಷ್ಟೋ ಕುಟುಂಬಗಳ ನಿತ್ಯದ ರೂಢಿ. ಅಂತಹ ಮನೆಗಳಲ್ಲಿ ಒಂದೇ ಮಟ್ಟಿನ ಎರಡು ಹಾಡುಗಳನ್ನು ಕೇಳಿದವರಿಗೆ, ಮೂಲ ಯಾವುದು, ನಕಲು ಯಾವುದು ಎಂಬ ಪ್ರಶ್ನೆ ಬರುವುದು ಸಹಜ. ಈ ಪ್ರಶ್ನೆಯನ್ನು ಇಟ್ಟುಕೊಂಡು ಸ್ವಲ್ಪ ಇತಿಹಾಸದ ದಾರಿಯಲ್ಲಿ ನಡೆಯೋಣ. ದಾರಿ ತೋರಿಸಲು ನಮ್ಮ ಜೊತೆಗಿರುವವನು ಸತ್ಯ ಹರಿಶ್ಚಂದ್ರ. ನಮ್ಮ ನಾಡಿನಲ್ಲಿ ಅವನಷ್ಟು ಭಾಷೆಗಳಲ್ಲಿ ಅತ್ತವನು, ಅವನಷ್ಟು ಭಾಷೆಗಳಲ್ಲಿ ಹಾಡಿದವನು ಇನ್ನೊಬ್ಬನಿಲ್ಲವೆಂದರೆ ಹೆಚ್ಚಲ್ಲ.

ಮೊದಲು ಕಾವ್ಯದ ಮಾತು. ಕನ್ನಡಿಗರಿಗೆ ಹರಿಶ್ಚಂದ್ರನನ್ನು ಕೊಟ್ಟವನು ರಾಘವಾಂಕ. ಹಂಪೆಯ ಹರಿಹರನ ಸೋದರಳಿಯ ಮತ್ತು ಶಿಷ್ಯ. ಅವನ ‘ಹರಿಶ್ಚಂದ್ರ ಕಾವ್ಯ’ ವಾರ್ಧಕ ಷಟ್ಪದಿಯಲ್ಲಿದೆ. ಐದೈದು ಮಾತ್ರೆಗಳ ಗಣಗಳು ಒಂದರ ಹಿಂದೊಂದು ನಡೆಯುತ್ತಾ, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ನೀಳವಾಗಿ ನಿಲ್ಲುವ ಆ ಛಂದಸ್ಸು ಮಾತನಾಡುವುದಕ್ಕೂ ಬರುತ್ತದೆ, ಹಾಡುವುದಕ್ಕೂ ಬರುತ್ತದೆ. ಶಿವಭಕ್ತರನ್ನು ಬಿಟ್ಟು ಮರ್ತ್ಯನಾದ ರಾಜನೊಬ್ಬನನ್ನು ಹಾಡಿದ್ದಕ್ಕಾಗಿ ಗುರು ಸಿಟ್ಟಾದನೆಂದು ಐತಿಹ್ಯ ಹೇಳುತ್ತದೆ. ತೆಲುಗಿನವರಿಗೂ ಅವರದೇ ಹರಿಶ್ಚಂದ್ರನುಂಟು. 15ನೆಯ ಶತಮಾನದಲ್ಲಿ ಗೌರನನೆಂಬ ಕವಿ ದ್ವಿಪದಿಯಲ್ಲಿ, ಎಂದರೆ ಎರಡೆರಡು ಸಾಲಿನ ಓಟದಲ್ಲಿ, ‘ಹರಿಶ್ಚಂದ್ರೋಪಾಖ್ಯಾನ’ವನ್ನು ಬರೆದ. ಕಥೆ ಒಂದೇ: ಮಾತಿಗೆ ತಪ್ಪದ ದೊರೆ, ರಾಜ್ಯ ಕಳೆದುಕೊಂಡು, ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾಯುತ್ತಾನೆ. ಆದರೂ ರಾಘವಾಂಕನ ಹರಿಶ್ಚಂದ್ರನನ್ನು ಗೌರನನ ನಕಲೆಂದಾಗಲಿ, ಗೌರನನದನ್ನು ರಾಘವಾಂಕನ ನಕಲೆಂದಾಗಲಿ ಯಾರೂ ಹೇಳುವುದಿಲ್ಲ. ಕಾವ್ಯದ ವಿಷಯದಲ್ಲಿ ನಮಗಿರುವ ಈ ಔದಾರ್ಯ ಹಾಡಿನ ವಿಷಯಕ್ಕೆ ಬಂದಾಗ ಏಕೋ ಇರುವುದಿಲ್ಲ.

ಮುಂದೆ ಬೆಳ್ಳಿತೆರೆ ಬಂತು. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರು ತೆಗೆದ ಭಾರತದ ಮೊದಲ ಕಥಾಚಿತ್ರವೇ ‘ರಾಜಾ ಹರಿಶ್ಚಂದ್ರ’. ಅದು ಮೂಕಿಚಿತ್ರವಾದ್ದರಿಂದ ಅದಕ್ಕೆ ಭಾಷೆಯ ತಂಟೆ ಇರಲಿಲ್ಲ. ನಡುನಡುವೆ ತೋರಿಸುವ ಬರಹ ಬದಲಾದರೆ ಸಾಕಾಗಿತ್ತು. ಚಿತ್ರ ಮಾತನಾಡಲು ಕಲಿತ ಮೇಲೆ ತಂಟೆ ಶುರುವಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತು. ಅದರಲ್ಲಿ ಇಂದ್ರಜಿತುವಾಗಿದ್ದ ಎಂ. ವಿ. ಸುಬ್ಬಯ್ಯ ನಾಯ್ಡು ಮತ್ತು ರಾವಣನಾಗಿದ್ದ ಆರ್. ನಾಗೇಂದ್ರರಾಯರು, ಈ ಇಬ್ಬರು ರಂಗಭೂಮಿಯ ಗೆಳೆಯರೇ ಮುಂದೆ 1943ರಲ್ಲಿ ‘ಸತ್ಯ ಹರಿಶ್ಚಂದ್ರ’ವನ್ನು ಕನ್ನಡದಲ್ಲಿ ತೆರೆಗೆ ತಂದರು. ನಿರ್ದೇಶನ ನಾಗೇಂದ್ರರಾಯರದು, ನಾಯಕ ಸುಬ್ಬಯ್ಯ ನಾಯ್ಡು.

ಈ ಚಿತ್ರಕ್ಕೆ ನಮ್ಮ ದೇಶದ ಚಿತ್ರೇತಿಹಾಸದಲ್ಲಿ ಒಂದು ವಿಶೇಷ ಸ್ಥಾನ ಇದೆ. ಅದು ಬಹುಮಂದಿ ಕನ್ನಡಿಗರಿಗೇ ತಿಳಿಯದು. ಎ. ವಿ. ಮೆಯ್ಯಪ್ಪನ್ ಅವರು ಅದಕ್ಕೆ ತಮಿಳು ಮಾತು ಕೂಡಿಸಿ 1944ರಲ್ಲಿ ಬಿಡುಗಡೆ ಮಾಡಿದರು. ಭಾರತದ ಒಂದು ಭಾಷೆಯ ಚಿತ್ರಕ್ಕೆ ಇನ್ನೊಂದು ಭಾಷೆಯ ಮಾತನ್ನು ಹೀಗೆ ಜೋಡಿಸಿದ್ದು, ಇಂದು ನಾವು ಡಬ್ಬಿಂಗ್ ಎನ್ನುವುದು, ಅದೇ ಮೊದಲೆಂದು ಚಿತ್ರೇತಿಹಾಸ ಬರೆದವರು ಗುರುತಿಸುತ್ತಾರೆ. ಹಾಗಾಗಿ ದೇಶದಲ್ಲಿ ಮೊದಲು ಬೇರೆ ಭಾಷೆಯ ಮಾತನ್ನು ಬಾಯಲ್ಲಿ ತುಂಬಿಸಿಕೊಂಡ ಚಿತ್ರ ಕನ್ನಡದ್ದು.

ಈ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ನೀವೇ ಕನ್ನಡಿಯ ಮುಂದೆ ನಿಂತು ಪರೀಕ್ಷಿಸಬಹುದು. ‘ಹಾಲು’ ಎನ್ನಿ. ತುಟಿಗಳು ಕೂಡುವುದಿಲ್ಲ. ಅದನ್ನೇ ತಮಿಳಿನಲ್ಲಿ ‘ಪಾಲ್’ ಎನ್ನಿ. ತುಟಿಗಳು ಮೊದಲು ಮುಚ್ಚಿಕೊಂಡು ಆಮೇಲೆ ತೆರೆಯುತ್ತವೆ. ಹುಲಿ, ಹೂವು, ಹಣ್ಣು, ಹತ್ತು ಎಲ್ಲವೂ ಹೀಗೆಯೇ. ಹಳಗನ್ನಡದಲ್ಲಿ ನಮ್ಮದೂ ‘ಪಾಲ್’, ‘ಪುಲಿ’, ‘ಪೂ’ ಎಂದೇ ಇದ್ದುವು. ಕಾಲಕ್ರಮದಲ್ಲಿ ಕನ್ನಡ ತುಟಿಯ ಪಕಾರವನ್ನು ಗಂಟಲಿನ ಹಕಾರ ಮಾಡಿಕೊಂಡಿತು, ತಮಿಳು ತೆಲುಗುಗಳು ಹಾಗೆ ಮಾಡಲಿಲ್ಲ. ತೆರೆಯ ಮೇಲೆ ಕನ್ನಡದ ನಟ ಬಾಯಿ ತೆರೆದಿರುವಾಗ ತಮಿಳಿನ ಮಾತು ತುಟಿ ಮುಚ್ಚಬೇಕೆನ್ನುತ್ತದೆ. ಆದ್ದರಿಂದ ಮಾತು ಬರೆಯುವವನು ಅರ್ಥವನ್ನು ಬದಿಗಿಟ್ಟು ತುಟಿಯನ್ನು ನೋಡಬೇಕಾಗುತ್ತದೆ. ಮಾತಿನಲ್ಲೇ ಹೀಗಾದರೆ ಹಾಡಿನ ಪಾಡು ಕೇಳಬೇಕೆ? ಹಾಡಿನಲ್ಲಿ ತುಟಿಯ ಮೇಲೆ ತಾಳವೂ ಕುಳಿತಿರುತ್ತದೆ.

ಇದಕ್ಕೆ ಬೇರೊಂದು ದಾರಿಯೂ ಇತ್ತು: ಹಾಡುವ ಮನುಷ್ಯನೇ ಭಾಷೆ ದಾಟುವುದು. ಆ ದಾರಿಯಲ್ಲಿ ನಡೆದವರೊಬ್ಬರು ನೆಲಮಂಗಲ ಸೀಮೆಯ ಚೌಡಸಂದ್ರದವರು. 1915ರಲ್ಲಿ ಹುಟ್ಟಿದ ಹೊನ್ನಪ್ಪ ಭಾಗವತರನ್ನು ನಮ್ಮಲ್ಲಿ ಹಿರಿಯರು ಇಂದಿಗೂ ನೆನೆಯುತ್ತಾರೆ. ರಂಗಭೂಮಿಯಿಂದ ಬಂದು, ತಮಿಳು ಚಿತ್ರಗಳಲ್ಲಿ ಹೆಸರು ಮಾಡಿದವರು. ‘ಬರ್ಮಾ ರಾಣಿ’ (1945), ‘ಶ್ರೀ ಮುರುಗನ್’ (1946) ಇವೆಲ್ಲ ಅವರ ತಮಿಳು ಚಿತ್ರಗಳು. ಎರಡನೆಯದರಲ್ಲಿ ಮೊದಲು ನಟಿಸಬೇಕಾಗಿದ್ದವರು ಎಂ. ಕೆ. ತ್ಯಾಗರಾಜ ಭಾಗವತರು, ಅವರು 1944ರಲ್ಲಿ ಕೊಲೆ ಮೊಕದ್ದಮೆಯೊಂದರಲ್ಲಿ ಬಂಧನಕ್ಕೊಳಗಾದಾಗ ಆ ಪಾತ್ರ ನಮ್ಮ ಭಾಗವತರಿಗೆ ಬಂತು. ತಮಿಳುನಾಡಿನ ಅತಿ ಪ್ರಸಿದ್ಧ ಗಾಯಕನಟನ ಜಾಗದಲ್ಲಿ ನೆಲಮಂಗಲದ ಕನ್ನಡಿಗ ನಿಂತು ಹಾಡಿದರು. ಮುಂದೆ 1955ರಲ್ಲಿ ಅವರೇ ‘ಮಹಾಕವಿ ಕಾಳಿದಾಸ’ವನ್ನು ಕನ್ನಡದಲ್ಲಿ ನಿರ್ಮಿಸಿ, ನಟಿಸಿ, ಸಂಗೀತವನ್ನೂ ಕೊಟ್ಟರು. ಬಿ. ಸರೋಜಾದೇವಿಯವರು ಬೆಳ್ಳಿತೆರೆಗೆ ಬಂದದ್ದು ಆ ಚಿತ್ರದಿಂದಲೇ.

ಹೊನ್ನಪ್ಪನವರ ಕಾಲದಲ್ಲಿ ಮುಖವೂ ಕಂಠವೂ ಒಬ್ಬರದೇ. ನಟ ಒಂದು ಭಾಷೆಯನ್ನು ಕಲಿತರೆ ಕಂಠವೂ ಅದನ್ನು ಕಲಿಯುತ್ತಿತ್ತು. ಹಿನ್ನೆಲೆ ಗಾಯನ ಬಲವಾಗಿ ನೆಲೆಯೂರಿದ ಮೇಲೆ ಈ ಗಂಟು ಬಿಚ್ಚಿತು. ಮುಖ ಒಬ್ಬರದು, ಕಂಠ ಇನ್ನೊಬ್ಬರದು. ಆಗ ನಿರ್ಮಾಪಕರಿಗೆ ಹೊಸ ಯೋಚನೆ ಹೊಳೆಯಿತು: ಒಂದೇ ಕಥೆ, ಒಂದೇ ಸೆಟ್ಟು, ಒಂದೇ ಸಂಗೀತ, ನಟರನ್ನು ಮಾತ್ರ ಬದಲಿಸಿ ಎರಡು ಭಾಷೆಯ ಎರಡು ಚಿತ್ರಗಳನ್ನು ಏಕೆ ತೆಗೆಯಬಾರದು? ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೆನಿಸಿದ, ಬಿ. ಎಸ್. ರಂಗ ಅವರ ‘ಅಮರಶಿಲ್ಪಿ ಜಕಣಾಚಾರಿ’ (1964) ಹೀಗೆ ತೆಲುಗಿನ ಜೊತೆಜೊತೆಗೆ ತಯಾರಾದದ್ದು. ಮರುವರ್ಷ ಬಂದದ್ದು ನಮ್ಮ ಮುಖ್ಯ ವಿಷಯವಾದ ‘ಸತ್ಯ ಹರಿಶ್ಚಂದ್ರ’.

1965ರಲ್ಲಿ ವಿಜಯಾ ಸಂಸ್ಥೆಯವರು ಈ ಚಿತ್ರವನ್ನು ಕನ್ನಡ ತೆಲುಗುಗಳೆರಡರಲ್ಲೂ ತೆಗೆದರು. ತೆಲುಗಿನದನ್ನು ನಿರ್ದೇಶಿಸಿದವರು ‘ಮಾಯಾಬಜಾರ್’ ಖ್ಯಾತಿಯ ಕೆ. ವಿ. ರೆಡ್ಡಿ, ಕನ್ನಡದ್ದನ್ನು ಹುಣಸೂರು ಕೃಷ್ಣಮೂರ್ತಿ. ತೆಲುಗಿನ ಹರಿಶ್ಚಂದ್ರ ಎನ್. ಟಿ. ರಾಮರಾವ್, ಚಂದ್ರಮತಿ ಎಸ್. ವರಲಕ್ಷ್ಮಿ. ಕನ್ನಡದ ಹರಿಶ್ಚಂದ್ರ ರಾಜಕುಮಾರ್, ಚಂದ್ರಮತಿ ಪಂಢರೀಬಾಯಿ. ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ಸುಡುಗಾಡಿನ ಒಡೆಯ ವೀರಬಾಹುವಾಗಿ ಎಂ. ಪಿ. ಶಂಕರ್. ಎರಡಕ್ಕೂ ಸಂಗೀತ ಪೆಂಡ್ಯಾಲ ನಾಗೇಶ್ವರರಾವ್ ಅವರದು. ಎರಡರಲ್ಲೂ ಮುಖ್ಯ ಗಂಡುಕಂಠ ಘಂಟಸಾಲ ವೆಂಕಟೇಶ್ವರರಾವ್ ಅವರದು.

ಈಗ ನೋಡಿ, ಹೋಲಿಕೆಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕುವುದಿಲ್ಲ. ಸಂಗೀತಗಾರ ಒಬ್ಬರೇ, ಹಾಡುಗಾರ ಒಬ್ಬರೇ, ಕಾಲ ಒಂದೇ, ಸಂಸ್ಥೆ ಒಂದೇ, ಕಥೆ ಒಂದೇ. ಹಾಡಿನ ಮಟ್ಟಿಗೆ ಬದಲಾದದ್ದು ಮಾತು ಮಾತ್ರ. ಆ ಮಾತನ್ನು ತೆಲುಗಿನಲ್ಲಿ ಕೊಟ್ಟವರು ಪಿಂಗಳಿ ನಾಗೇಂದ್ರರಾವ್, ‘ಪಾತಾಳಭೈರವಿ’, ‘ಮಾಯಾಬಜಾರ್’ಗಳಿಗೆ ಬರೆದ, ಹೊಸ ಹೊಸ ಪದಗಳನ್ನು ಟಂಕಿಸುವುದರಲ್ಲಿ ಎತ್ತಿದ ಕೈ. ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿಯವರೇ ಬರೆದರು. ಅವರು ನಾಟಕ ಕಂಪೆನಿಗಳಲ್ಲಿ ಪಳಗಿದವರು. ಊರೂರು ತಿರುಗಿ ಪ್ರೇಕ್ಷಕರ ನಾಡಿ ಹಿಡಿದವರು.

ಹಾಡು ಬರೆಯುವವನ ಮುಂದಿರುವ ಲೆಕ್ಕವೇನೆಂದು ಸ್ವಲ್ಪ ಬಿಡಿಸಿ ನೋಡೋಣ. ಮಟ್ಟು ಮೊದಲೇ ನಿಂತಿದ್ದರೆ ಅದು ಒಂದು ಮನೆಯ ಹಾಗೆ. ಕೋಣೆಗಳ ಅಳತೆ ಬದಲಾಗುವುದಿಲ್ಲ. ಮಾತು ಆ ಅಳತೆಗೆ ಹೊಂದಬೇಕು. ಕನ್ನಡದ ‘ಮನೆ’ಗೆ ಎರಡು ಮಾತ್ರೆ, ತೆಲುಗಿನ ‘ಇಲ್ಲು’ ಮೂರು. ‘ಮಗ’ ಎರಡು, ‘ಕೊಡುಕು’ ಮೂರು. ‘ಸತ್ಯ’ ಕನ್ನಡದಲ್ಲಿ ಮೂರು ಮಾತ್ರೆ. ಅದೇ ಸಂಸ್ಕೃತ ಪದ ತೆಲುಗಿನಲ್ಲಿ ‘ಸತ್ಯಮು’ ಆಗಿ ನಾಲ್ಕಾಗುತ್ತದೆ. ‘ಸುಡುಗಾಡು’ ಐದು, ‘ವಲ್ಲಕಾಡು’ ಆರು. ಒಂದು ಮಾತ್ರೆ ಎಂದರೆ ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತು. ಆದರೆ ತಾಳದಲ್ಲಿ ಅಷ್ಟು ಹೆಚ್ಚಾದರೂ ಕೇಳುವವರಿಗೆ ಎಡವಿದಂತಾಗುತ್ತದೆ. ಇದರ ಜೊತೆಗೆ ಅರ್ಥದ ಹೊಂಡಗಳೂ ಉಂಟು. ನಮ್ಮ ‘ಕಲ್ಲು’ ಬಂಡೆ. ತೆಲುಗಿನ ‘ಕಲ್ಲು’ ಹೆಂಡ. ದೇವರ ಮನಸ್ಸು ಕಲ್ಲೆಂದು ಕನ್ನಡದಲ್ಲಿ ಅತ್ತದ್ದನ್ನು ಪದ ಬದಲಿಸದೆ ತೆಲುಗಿಗೆ ಒಯ್ದರೆ ಹೊಸಕೋಟೆಯಲ್ಲಿ ಕುಳಿತವರು ನಕ್ಕುಬಿಡುತ್ತಾರೆ.

ಆದರೂ ತೆಲುಗು ಕನ್ನಡಗಳ ನಡುವೆ ಒಂದು ದೊಡ್ಡ ಅನುಕೂಲ ಇದೆ. ಎರಡೂ ಭಾಷೆಗಳ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ತಮಿಳಿನ ‘ಕಣ್’ ಮೂಗಿನಲ್ಲಿ ನಿಂತುಬಿಡುತ್ತದೆ. ಕನ್ನಡದ ‘ಕಣ್ಣು’, ತೆಲುಗಿನ ‘ಕನ್ನು’ ಎರಡೂ ಉಕಾರದಲ್ಲಿ ತೆರೆದುಕೊಂಡಿರುತ್ತವೆ. ಹಾಡುವವನು ಆ ಸ್ವರವನ್ನು ಹಿಡಿದು ಬೇಕಾದಷ್ಟು ದೂರ ಎಳೆಯಬಹುದು. ತೆಲುಗಿನವರಾದ ಘಂಟಸಾಲರಿಗೆ ಕನ್ನಡ ಇಷ್ಟು ಚೆನ್ನಾಗಿ ಒಲಿದದ್ದಕ್ಕೆ ಅವರ ಸಾಧನೆಯ ಜೊತೆಗೆ ಈ ನೆರೆಹೊರೆಯ ನಂಟೂ ಕಾರಣವಿರಬೇಕು.

ಇಷ್ಟು ತಿಳಿದುಕೊಂಡು ಆ ಚಿತ್ರದ ಹಾಡುಗಳನ್ನು ಕೇಳಿದರೆ ಅವು ಎರಡು ಬಗೆಯವೆಂದು ಗೊತ್ತಾಗುತ್ತದೆ. ಮೊದಲನೆಯದು ಸ್ತೋತ್ರದ ಬಗೆ. ಶಿವನನ್ನು ‘ನಮೋ ಭೂತನಾಥ’ ಎಂದು ಕರೆಯುವ ಹಾಡನ್ನು ನೀವು ಕೇಳಿರುತ್ತೀರಿ. ಅದು ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಎರಡು ಕಡೆಯೂ ಅದೇ ಕರೆ. ಇದು ಹೇಗೆ ಸಾಧ್ಯವಾಯಿತು? ಸಂಸ್ಕೃತದ ಸಂಬೋಧನೆಗೆ ಕನ್ನಡದ ಪ್ರತ್ಯಯವೂ ಬೇಡ, ತೆಲುಗಿನ ಪ್ರತ್ಯಯವೂ ಬೇಡ. ಭೂತನಾಥನನ್ನು ಕುರಿತು ಏನಾದರೂ ಹೇಳಹೊರಟರೆ ಅವನು ಇಲ್ಲಿ ‘ಭೂತನಾಥನು’ ಆಗಬೇಕು, ಅಲ್ಲಿ ‘ಭೂತನಾಥುಡು’ ಆಗಬೇಕು. ಕೂಗಿ ಕರೆಯುವುದಾದರೆ ‘ಭೂತನಾಥ’ ಎಂದರೆ ಎರಡು ಕಡೆಯೂ ಸರಿ. ಆದ್ದರಿಂದ ಸ್ತೋತ್ರದ ಹಾಡು ಗಡಿ ದಾಟುವಾಗ ಸುಂಕ ಕೊಡುವುದಿಲ್ಲ. ದೇವಸ್ಥಾನದ ಗಂಟೆಯ ಹಾಗೆ ಎಲ್ಲಿ ಬಾರಿಸಿದರೂ ಅದೇ ನಾದ.

ಎರಡನೆಯದು ನೆಲದ ಬಗೆ. ಇಲ್ಲಿ ಮಾತು ಸಂಸ್ಕೃತದ ನೆರಳಿನಿಂದ ಹೊರಬಂದು ಊರ ನಡುವೆ ನಿಲ್ಲುತ್ತದೆ. ವೀರಬಾಹು ಮತ್ತು ಅವನ ಕಡೆಯವರು ಹಾಡುವ ‘ಕುಲದಲ್ಲಿ ಕೀಳ್ಯಾವುದೋ’ ಎಂಬ ಹಾಡನ್ನು ತಿಳಿಯದ ಕನ್ನಡಿಗರು ಕಡಿಮೆ. ಅದನ್ನೂ ಹಾಡಿದವರು ಘಂಟಸಾಲರೇ. ಅಲ್ಲಿ ಒಂದು ಪದದ ಕಟ್ಟನ್ನು ನೋಡಿ. ಪುಸ್ತಕದ ಕನ್ನಡದಲ್ಲಿ ‘ಕೀಳು ಯಾವುದೋ’ ಎಂದು ಬಿಡಿಸಿ ಬರೆದರೆ ಎಂಟು ಮಾತ್ರೆ. ಹಳ್ಳಿಯ ಬಾಯಿಯಲ್ಲಿ ಅದು ‘ಕೀಳ್ಯಾವುದೋ’ ಆಗಿ ಏಳಕ್ಕೆ ಇಳಿಯುತ್ತದೆ. ಆ ಒಂದು ಮಾತ್ರೆ ಉಳಿದಲ್ಲಿ ತಮಟೆಯ ಪೆಟ್ಟಿಗೆ ಜಾಗ ಸಿಕ್ಕುತ್ತದೆ. ಊರ ಮಾತು ತನ್ನಷ್ಟಕ್ಕೆ ತಾಳ ಹಿಡಿದುಕೊಂಡೇ ಇರುತ್ತದೆ; ಬಲ್ಲ ಕವಿ ಅದನ್ನು ಕೆಡಿಸದೆ ಎತ್ತಿಕೊಳ್ಳುತ್ತಾನೆ.

ಇಂತಹ ಹಾಡನ್ನು ಯಾವ ಭಾಷೆಯಿಂದ ಯಾವ ಭಾಷೆಗೂ ಅನುವಾದ ಮಾಡಲಾಗುವುದಿಲ್ಲ, ಮತ್ತೆ ಹುಟ್ಟಿಸಬೇಕು. ಹುಟ್ಟಬೇಕಾದರೆ ಆ ಭಾಷೆಯಲ್ಲಿ ಅದಕ್ಕೊಂದು ವಂಶ ಇರಬೇಕು. ಕನ್ನಡದಲ್ಲಿ ಈ ಹಾಡಿನ ವಂಶ ದೊಡ್ಡದು. ಕುಲವನ್ನು ಪ್ರಶ್ನಿಸಿದ ವಚನಕಾರರು ಇದ್ದಾರೆ, ಕನಕದಾಸರು ಇದ್ದಾರೆ. ಅಷ್ಟೇ ಅಲ್ಲ, ಇದೇ ಕಥೆಯೊಳಗೆ ರಾಘವಾಂಕನಿದ್ದಾನೆ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಹಾಡುವ ಹೆಣ್ಣುಗಳು ರಾಜನ ಮುಂದೆ ನಿಂತು ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಕುಲದ ಕಾರಣ ಹೇಳಿ ರಾಜ ಒಲ್ಲೆನೆನ್ನುತ್ತಾನೆ. ಆಗ ಅವರು ವಾದಕ್ಕಿಳಿಯುತ್ತಾರೆ: ನಮ್ಮ ಹಾಡನ್ನು ಕೇಳಿದ ಕಿವಿಗೆ ಹೊಲೆಯಾಗಲಿಲ್ಲ, ನಮ್ಮ ರೂಪವನ್ನು ನೋಡಿದ ಕಣ್ಣಿಗೆ ಹೊಲೆಯಾಗಲಿಲ್ಲ, ಮುಟ್ಟಿದರೆ ಮಾತ್ರ ಹೇಗೆ ಹೊಲೆಯಾಯಿತು? ಐದು ಇಂದ್ರಿಯಗಳಲ್ಲಿ ಒಂದಕ್ಕೆ ಮಾತ್ರ ಏಕೆ ಮೈಲಿಗೆ? ಎಂಟು ನೂರು ವರ್ಷಗಳ ಹಿಂದೆ ಕೇಳಿದ ಈ ಪ್ರಶ್ನೆಗೆ ಕಾವ್ಯದ ರಾಜನ ಬಳಿ ಸರಿಯಾದ ಉತ್ತರವಿಲ್ಲ. 1965ರ ಚಿತ್ರದ ಸುಡುಗಾಡಿನಲ್ಲಿ ಎದ್ದ ಹಾಡು ಅದೇ ಪ್ರಶ್ನೆಯನ್ನು ಊರ ಮಾತಿನಲ್ಲಿ ಕೇಳಿತು. ಕೇಳಿದವರಿಗೆ ಅದು ಹೊಸ ಹಾಡೆನ್ನಿಸಲಿಲ್ಲ. ತಮ್ಮ ಅಜ್ಜ ಹಾಡುತ್ತಿದ್ದುದೆನ್ನಿಸಿತು.

ತೆಲುಗಿನ ಕಡೆಗೆ ನೋಡಿದರೆ ಅಲ್ಲಿನ ಸುಡುಗಾಡಿಗೂ ಒಂದು ದೊಡ್ಡ ಕಂಠ ಇತ್ತು. ಆದರೆ ಅದು ರಂಗಭೂಮಿಯ ಕಂಠ. ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ಹರಿಶ್ಚಂದ್ರ ನಾಟಕ ಆಂಧ್ರದ ಊರೂರಿನಲ್ಲಿ ಆಡಿದ್ದು. ಅದರ ಕಾಡಿನ ದೃಶ್ಯದಲ್ಲಿ ಗುರ್ರಂ ಜಾಷುವಾ ಅವರು ಶ್ಮಶಾನವನ್ನು ಕುರಿತು ಬರೆದ ಪದ್ಯಗಳನ್ನು ನಟರು ಸೇರಿಸಿಕೊಂಡು ಹಾಡುವುದು ವಾಡಿಕೆಯಾಯಿತು. ಜಾಷುವಾ ಅವರು ಅಸ್ಪೃಶ್ಯತೆಯ ಉರಿಯನ್ನು ತಾವೇ ಉಂಡ ಕವಿ. ರಾಜನೂ ಬಡವನೂ ಒಂದೇ ಮಣ್ಣಾಗುವ ಜಾಗವನ್ನು ಅವರು ಹಾಡಿದಾಗ ಅದಕ್ಕೆ ಬೇರೆಯೇ ತೂಕ ಬರುತ್ತಿತ್ತು. ಆ ಪದ್ಯಗಳು ತೆಲುಗರ ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದ್ದುವೆಂದರೆ, ಹೊಸ ಚಿತ್ರದಲ್ಲಿ ಏನನ್ನು ಕೇಳಿದರೂ ಪ್ರೇಕ್ಷಕ ಅದನ್ನು ಹಳೆಯದರೊಡನೆ ತೂಗಿ ನೋಡುತ್ತಿದ್ದ. 1956ರಲ್ಲಿ ಎಸ್. ವಿ. ರಂಗರಾವ್ ನಟಿಸಿದ ಇನ್ನೊಂದು ತೆಲುಗು ‘ಹರಿಶ್ಚಂದ್ರ’ವೂ ಆಗಲೇ ಬಂದುಹೋಗಿತ್ತು.

ಕನ್ನಡದ ಚಿತ್ರ ಅಪಾರ ಜನಪ್ರಿಯತೆ ಗಳಿಸಿತು. 1965ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂಬ ಗೌರವವೂ ಅದಕ್ಕೆ ಬಂತು. ಎನ್. ಟಿ. ರಾಮರಾವ್ ಅವರಂತಹ ನಾಯಕ, ಕೆ. ವಿ. ರೆಡ್ಡಿಯವರಂತಹ ನಿರ್ದೇಶಕ ಇದ್ದೂ ತೆಲುಗಿನದು ನಿರೀಕ್ಷಿಸಿದಂತೆ ಓಡಲಿಲ್ಲ. ಮಟ್ಟಿನ ದೋಷವೆನ್ನುವಂತಿಲ್ಲ, ಕಂಠದ ದೋಷವೆನ್ನುವಂತಿಲ್ಲ. ಅವೆರಡೂ ಎರಡು ಕಡೆಯೂ ಒಂದೇ. ಕೇಳುವವರ ಕಿವಿಯಲ್ಲಿ ಮೊದಲೇ ಏನಿತ್ತು ಎಂಬುದರಲ್ಲಿ ಕಾರಣವನ್ನು ಹುಡುಕಬೇಕೆಂದು ನನಗೆ ತೋರುತ್ತದೆ. ಕನ್ನಡದ ಹಾಡು ಖಾಲಿ ಇದ್ದ ಮಣೆಯ ಮೇಲೆ ಕುಳಿತಿತು. ತೆಲುಗಿನಲ್ಲಿ ಆ ಮಣೆಯ ಮೇಲೆ ಆಗಲೇ ಹಿರಿಯರೊಬ್ಬರು ಕುಳಿತಿದ್ದರು.

ಇದು ನಮ್ಮ ನೆರೆಹೊರೆಗೆ ಮಾತ್ರ ಸೇರಿದ ವಿಷಯವಲ್ಲ. ದೂರದ ಒಂದು ಉದಾಹರಣೆ ಕೊಡುತ್ತೇನೆ. ಮನೆಯ ಹುಡುಗ ಹುಡುಗಿಯರನ್ನು ಕೇಳಿದರೆ ಅವರು ಇನ್ನಷ್ಟು ಹೇಳಿಯಾರು. ‘ತಾತು’ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ರಷ್ಯದ ಇಬ್ಬರು ಹುಡುಗಿಯರು 2001ರಲ್ಲಿ ತಮ್ಮ ಭಾಷೆಯಲ್ಲಿ ಒಂದು ಗೀತಸಂಪುಟವನ್ನು ಹೊರತಂದರು. ಮರುವರ್ಷ, 2002ರ ಇಂಗ್ಲಿಷ್ ಸಂಪುಟದಲ್ಲಿ ಅದರ ಹಲವು ಹಾಡುಗಳನ್ನು ಅದೇ ಮಟ್ಟಿನಲ್ಲಿ ಅವರೇ ಇಂಗ್ಲಿಷಿನಲ್ಲಿ ಹಾಡಿದರು. ರಷ್ಯನ್ ಹಾಡೊಂದರ ಹೆಸರು ‘ಯಾ ಸಶ್ಲಾ ಸುಮಾ’. ‘ನನಗೆ ಹುಚ್ಚು ಹಿಡಿದಿದೆ’ ಎಂದರ್ಥ. ಇಂಗ್ಲಿಷಿನಲ್ಲಿ ಅದು ‘ಆಲ್ ದ ಥಿಂಗ್ಸ್ ಶಿ ಸೆಡ್’, ಎಂದರೆ ‘ಅವಳು ಹೇಳಿದ್ದೆಲ್ಲ’. ಅರ್ಥಕ್ಕೂ ಅರ್ಥಕ್ಕೂ ಏನು ಸಂಬಂಧ? ಬೆರಳು ಮಡಿಸಿ ಎಣಿಸಿ: ಯಾ, ಸ, ಶ್ಲಾ, ಸು, ಮಾ ಐದು, ಆಲ್, ದ, ಥಿಂಗ್ಸ್, ಶಿ, ಸೆಡ್ ಐದು. ಅರ್ಥ ಹಿಂದೆ ಉಳಿಯಿತು, ಅಕ್ಷರದ ಎಣಿಕೆ ಗಡಿ ದಾಟಿತು. ಮೊದಲನೆಯದರಲ್ಲಿ ಹಾಡುವವಳು ತನ್ನ ಮನಸ್ಸಿನ ಸ್ಥಿತಿಯನ್ನು ಒಪ್ಪಿಕೊಳ್ಳುತ್ತಾಳೆ. ಎರಡನೆಯದರಲ್ಲಿ ಇನ್ನೊಬ್ಬಳ ಮಾತುಗಳು ತಲೆಯಲ್ಲಿ ಸುತ್ತುತ್ತವೆ. ಲೋಕದ ಬಹುಮಂದಿ ಇಂಗ್ಲಿಷಿನದನ್ನೇ ಕೇಳಿ ಅದೇ ಮೂಲವೆಂದುಕೊಂಡರು. ಅವರೇ 2003ರಲ್ಲಿ ಯೂರೋಪಿನ ‘ಯೂರೋವಿಷನ್’ ಗೀತಸ್ಪರ್ಧೆಗೆ ಹೋದಾಗ ಮಾತ್ರ ರಷ್ಯನ್ ಭಾಷೆಯಲ್ಲೇ ಹಾಡಿ ಮೂರನೆಯ ಸ್ಥಾನ ಪಡೆದರು.

ಹಾಗಾದರೆ ಮೂಲ ಯಾವುದೆಂಬ ನಮ್ಮ ಪ್ರಶ್ನೆಗೆ ಉತ್ತರವೇನು? ರಷ್ಯದ ಹುಡುಗಿಯರ ವಿಷಯದಲ್ಲಿ ಹಿಂದು ಮುಂದು ಸ್ಪಷ್ಟ. ಒಂದು ವರ್ಷದ ಅಂತರ ಇದೆ. 1965ರ ಹರಿಶ್ಚಂದ್ರನ ವಿಷಯದಲ್ಲಿ ಎರಡು ಚಿತ್ರಗಳೂ ಅವಳಿಮಕ್ಕಳು. ಮಟ್ಟು ತೆಲುಗಿನವರದು, ಸಂಸ್ಥೆ ಮದರಾಸಿನದು, ಕಂಠ ತೆಲುಗಿನವರದು. ಆದರೂ ಆ ಹಾಡನ್ನು ಕನ್ನಡದ್ದಲ್ಲವೆನ್ನಲು ಯಾರಿಂದ ಸಾಧ್ಯ? ಮೂಲವೆಂಬುದನ್ನು ತಾರೀಖು ನೋಡಿ ನಿರ್ಧರಿಸುವುದಕ್ಕಿಂತ, ಆ ಮಾತು ತನ್ನ ಭಾಷೆಯಲ್ಲಿ ಬೇರೂರಿದೆಯೇ ಎಂದು ನೋಡುವುದು ಒಳ್ಳೆಯದು. ಬೇರಿದ್ದ ಹಾಡು ಮೂಲವೇ. ಅದರ ಮಟ್ಟು ಎಲ್ಲಿಂದಲಾದರೂ ಬಂದಿರಲಿ.

ಈ ಮಾತಿಗೆ ನಮ್ಮ ನಾಡಿನ ಒಂದು ಹಳೆಯ ಜಗಳದ ಹಿನ್ನೆಲೆಯೂ ಇದೆ. ದೇಶಕ್ಕೆ ಮೊದಲ ಡಬ್ಬಿಂಗ್ ಚಿತ್ರವನ್ನು ಕೊಟ್ಟ ಕನ್ನಡವೇ 1960ರ ದಶಕದಲ್ಲಿ ಡಬ್ಬಿಂಗಿಗೆ ಬಾಗಿಲು ಹಾಕಿತು. ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮುಂತಾದವರು ಬೀದಿಗಿಳಿದ ಕಾಲವದು. ಬೆಂಗಳೂರಿನ ಚಿತ್ರಮಂದಿರಗಳಲ್ಲೇ ಕನ್ನಡ ಮೂಲೆಗುಂಪಾಗಿತ್ತು; ಪರಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಅಂಟಿಸಿದರೆ ನಮ್ಮ ನಟರಿಗೆ, ಬರೆಯುವವರಿಗೆ, ಹಾಡುವವರಿಗೆ ಕೆಲಸವಿಲ್ಲದಂತಾಗುತ್ತದೆಂಬ ಭಯ ಆಧಾರವಿಲ್ಲದ್ದಾಗಿರಲಿಲ್ಲ. ಅರ್ಧ ಶತಮಾನ ಆ ಕಟ್ಟು ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಂತಹ ನಿರ್ಬಂಧ ಸಲ್ಲದೆಂದು ತೀರ್ಪಿತ್ತ ಮೇಲೆ ಬಾಗಿಲು ಮತ್ತೆ ತೆರೆಯಿತು. ಈಗ ಹಲವು ಭಾಷೆಗಳಲ್ಲಿ ಒಟ್ಟಿಗೇ ಬಿಡುಗಡೆಯಾಗುವ ಚಿತ್ರಗಳು ಸಾಮಾನ್ಯವಾಗಿವೆ. ಕನ್ನಡದ ಹಾಡುಗಳು ಹಿಂದಿಗೆ, ತೆಲುಗಿಗೆ ಹೋಗುತ್ತವೆ. ಅಲ್ಲಿನವು ಇಲ್ಲಿಗೆ ಬರುತ್ತವೆ. ಹೋಗಲಿ, ಬರಲಿ. ಬಾಗಿಲು ಹಾಕಬೇಕೆ ತೆರೆಯಬೇಕೆ ಎಂಬ ವಾದವನ್ನು ವಾದಿಸುವವರಿಗೆ ಬಿಡೋಣ. ಕೇಳುವವರಾದ ನಮಗೆ ಸಂಬಂಧಪಟ್ಟ ಮಾತು ಬೇರೊಂದಿದೆ. ಹೀಗೆ ಬಂದ ಹಾಡಿನ ಕನ್ನಡ, ಮಟ್ಟಿನ ಕೋಣೆ ತುಂಬಿಸಲು ತುರುಕಿದ ಕನ್ನಡವೇ, ಅಥವಾ ಹುಣಸೂರರು ಮಾಡಿದಂತೆ ಊರ ಬಾಯಿಂದ ಎತ್ತಿಕೊಂಡ ಕನ್ನಡವೇ? ವಾರಕ್ಕೊಂದು ಹಾಡು ಅವಸರದಲ್ಲಿ ಭಾಷೆ ದಾಟುತ್ತಿರುವಾಗ ಈ ಪ್ರಶ್ನೆ ಕೇಳದೆ ಬಿಟ್ಟರೆ, ಮಕ್ಕಳ ಕಿವಿಗೆ ಬೀಳುವ ಕನ್ನಡ ಯಾವ ಊರಿನದೂ ಅಲ್ಲದ ಕನ್ನಡವಾದೀತು. ನಷ್ಟವಾಗುವುದು ಅಲ್ಲಿ.

1965ರ ಆ ಕಪ್ಪು ಬಿಳುಪು ಚಿತ್ರಕ್ಕೆ 2008ರಲ್ಲಿ ಯಂತ್ರದ ಸಹಾಯದಿಂದ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ಘಂಟಸಾಲರು 1974ರಲ್ಲೇ ತೀರಿಕೊಂಡಿದ್ದರು. ಪಿಂಗಳಿಯವರು, ಪೆಂಡ್ಯಾಲರು, ಹುಣಸೂರರು, ರಾಜಕುಮಾರ್, ರಾಮರಾವ್ ಯಾರೂ ಆಗ ಇರಲಿಲ್ಲ. ಚಿತ್ರ ಬಣ್ಣ ಹಾಕಿಸಿಕೊಳ್ಳಬೇಕಾಯಿತು. ಹಾಡಿಗೆ ಅದೇನೂ ಬೇಕಾಗಲಿಲ್ಲ. ಹಳ್ಳಿಯ ಜಾತ್ರೆಗಳಲ್ಲಿ, ವಾದ್ಯಗೋಷ್ಠಿಗಳಲ್ಲಿ ಅದು ಇದ್ದ ಹಾಗೆಯೇ ಹಾಡಿಸಿಕೊಳ್ಳುತ್ತಾ ಬಂದಿದೆ.

ಬಾನುಲಿಯಲ್ಲಿ ಹಾಡು ಹಾಕುವ ಮುನ್ನ ಉದ್ಘೋಷಕರು ಚಿತ್ರದ ಹೆಸರು, ಹಾಡಿದವರ ಹೆಸರು, ಸಂಗೀತದವರ ಹೆಸರು ಹೇಳುವುದನ್ನು ನೀವು ಕೇಳುತ್ತಲೇ ಇರುತ್ತೀರಿ. ಅದರ ಜೊತೆಗೆ ಬರೆದವರ ಹೆಸರು ಬಂದಾಗ ಒಂದು ಕ್ಷಣ ಕಿವಿಗೊಡಿ. ಮೆಚ್ಚಿನ ಹಾಡು ಕೇಳಿ ನಿಲಯಕ್ಕೆ ಬರೆಯುವಾಗ ಆ ಹೆಸರನ್ನೂ ಸೇರಿಸಿ ಬರೆಯಿರಿ. ಎರಡು ಭಾಷೆ ಬಲ್ಲ ಮನೆಯವರಾದರೆ ಇನ್ನೂ ಒಳ್ಳೆಯದು. ಅದೇ ಮಟ್ಟಿನ ಇನ್ನೊಂದು ಹಾಡನ್ನೂ ಹುಡುಕಿ ಕೇಳಿ, ಎಲ್ಲಿ ಒಂದು ಮಾತ್ರೆ ಉಳಿಯಿತು, ಎಲ್ಲಿ ಒಂದು ಅರ್ಥ ಜಾರಿತು, ಎಲ್ಲಿ ಹೊಸದೊಂದು ಹುಟ್ಟಿತು ಎಂದು ಮನೆಯವರೆಲ್ಲ ಕೂತು ನೋಡಿ. ನಮ್ಮದೋ ಅವರದೋ ಎಂದು ಜಗಳವಾಡುವುದಕ್ಕಿಂತ ಆ ಸಂಜೆ ಚೆನ್ನಾಗಿ ಕಳೆಯುತ್ತದೆ.